ನಡುವಿನ ಹೊಲಿಗೆ

ಫಿಲೊಮಿನಾ ಕಿಯೋ ಅಂಗಡಿಗೆ ಬಂದದ್ದು ಬರಿಗೈಯಲ್ಲಲ್ಲ.
ಕಂಕುಳಲ್ಲಿ ಒಂದು ಸುರುಳಿ:
ಮೇಲೆ ಗಂಡನ ದೋಣಿಯಂಗಿಗಳ ಚೌಕಗಳು, ನಡುವೆ ಉಣ್ಣೆ,
ಅಡಿಯಲ್ಲಿ ಹಿಟ್ಟಿನ ಚೀಲದ ಬಟ್ಟೆ.
ಇನ್ನೂ ಕೌದಿಯಾಗದ ಕೌದಿ,
ಪಿನ್ನುಗಳ ಭರವಸೆಯಲ್ಲಿ ನಿಂತದ್ದು.

ಹೊರಗೆ ಸೇಂಟ್ ಜಾನ್ಸ್ ಬಂದರಿಗೆ ಮಂಜು ಕವಿದು
ಹಡಗುಗಳು ಒಂದನ್ನೊಂದು ಕೂಗುತ್ತಿದ್ದವು.
ಹೊಸದನ್ನೇ ತೋರಿಸಿದೆ ಮೊದಲು:
ಇನ್ನೂರು ಬಗೆ ಹೊಲಿಗೆ, ಹೂ, ಬಳ್ಳಿ, ಬಾತುಕೋಳಿ,
ಗುಂಡಿ ಒತ್ತಿದರೆ ದಾರ ತಾನೇ ಕತ್ತರಿಸಿಕೊಳ್ಳುತ್ತದೆ.
"ನನಗೆ ಬೇಕಾದ್ದು ಒಂದೇ," ಅಂದಳು, "ನೆಟ್ಟಗಿನದು."
ನಾಲ್ಕು ಅಂಗಿಗಳ ಮೂಲೆ ಕೂಡುವಲ್ಲಿ
ಟಕ್. ಸೂಜಿ ಮುರಿಯಿತು.

ಎರಡನೆಯದರ ಕಂಕುಳಿಗೆ ಗೇಣು ಹಾಕಿದಳು.
ಒಂದು ಗೇಣೂ ಇಲ್ಲ.
"ಅಂಚನ್ನು ಯಾವ ಮಿಷನ್ನಾದರೂ ಹೊಲಿದೀತು.
ನಡುವಿಗೆ ಬಂದಾಗ ಅರ್ಧ ಕೌದಿ
ಎಲ್ಲಿಡಲಿ, ನಿನ್ನ ತಲೆ ಮೇಲೆ?"

ಆಮೇಲೆ ಅವಳ ಕಣ್ಣು ಬಿದ್ದದ್ದು
ನನ್ನ ರಿಪೇರಿ ಮೇಜಿನ ಕರಿ ಕಬ್ಬಿಣದ ಮೇಲೆ.
ಅಮ್ಮನದು. ಚಿನ್ನದಕ್ಷರ ಉದುರಿ ಹೆಸರಿಲ್ಲದ್ದು.
ಕೇಳದೆ ಕೂತಳು, ಚಕ್ರ ಕೈಯಲ್ಲೇ ತಿರುಗಿಸಿ
ಕಿವಿಗೊಟ್ಟಳು, ಒಲೆಯ ಮೇಲಿನ ಹಾಲಿಗೆ ಕಿವಿಗೊಟ್ಟ ಹಾಗೆ.
ನಾಲ್ಕು ಮೂಲೆ ದಾಟಿತು. ಸದ್ದೂ ಬದಲಾಗಲಿಲ್ಲ.

"ಎಷ್ಟು?"
"ಮಾರೋದಲ್ಲ."
ಚೌಕಾಸಿ ಮಾಡಲಿಲ್ಲ. ಸುರುಳಿ ಕಟ್ಟಲೂ ಇಲ್ಲ.
"ಗುರುವಾರ ಎಷ್ಟು ಹೊತ್ತಿಗೆ ಬಾಗಿಲು ತೆಗೀತಿ?"

ಇವತ್ತಿಗೆ ಏಳನೇ ಗುರುವಾರ.
ಗಿರಾಕಿಗಳು ಕೌದಿ ಬಳಸಿಕೊಂಡು ಬರುತ್ತಾರೆ.
ಅವಳಿನ್ನೂ ನಡುವಿನಲ್ಲೇ ಇದ್ದಾಳೆ.
ಶುಕ್ರವಾರ ಕುರ್ಚಿಯಲ್ಲಿ ಕೂರುವ ಮುಂಚೆ
ಕೈಯಾಡಿಸಿ ನೋಡುತ್ತೇನೆ:
ಪಿನ್ನು.