ತುಟಿಯಲ್ಲೇ ಸೀಟಿ

ಮೇಜಿನ ಮೇಲೆ ಸುಣ್ಣದ ಬಣ್ಣದ ನನ್ನದೇ ಬಾಯಿ.
ಮೂವತ್ತೊಂದು ವರ್ಷ ಮುಚ್ಚಿಟ್ಟುಕೊಂಡು ತಿರುಗಿದ್ದನ್ನು
ಹೀಗೆ ಎದುರಿಗಿಟ್ಟು ನೋಡಿದ್ದು ಇದೇ ಮೊದಲು.
"ಇವೆರಡು ಕೀಳಬೇಕು, ಜಾಗ ಸಾಲದು" ಅಂದರು ಡಾಕ್ಟರಮ್ಮ.
ಜಾಗ ಸಾಲದ್ದು ನನಗೆ ಹೊಸದೇ?
ಮಾಜಾಳಿ ಬಸ್ಸಿನಲ್ಲಿ ದಿನಕ್ಕೆ ಎಂಟು ಸಲ
ಒಳಗೆ ಸರೀರಿ, ಒಳಗೆ ಸರೀರಿ ಅನ್ನುವವಳು ನಾನು.

ಸರಿಯುತ್ತವಂತೆ.
ತಂತಿ ಎಳೆದ ಕಡೆ ಎಲುಬು ಕರಗಿ
ಹಿಂದೆ ಬಿಟ್ಟಲ್ಲಿ ಹೊಸದು ಕೂಡಿ,
ತಿಂಗಳಿಗೆ ಒಂದು ಅಕ್ಕಿನುಚ್ಚಿನಷ್ಟು.
ಚಿತ್ರ ಬರೆದು ತೋರಿಸುವುದೇನು ಬೇಡ,
ಕೋಡಿಬಾಗದಲ್ಲಿ ಹುಟ್ಟಿದವಳು;
ಕಾಳಿ ಈಚೆ ದಡ ತಿಂದು ಆಚೆ ಮರಳು ಹಾಸುವುದನ್ನು
ನೋಡುತ್ತಲೇ ಬೆಳೆದೆ.

ನನ್ನ ಪ್ರಶ್ನೆ ಒಂದೇ, ಕೇಳಲು ನಾಚಿಕೆ:
ಸೀಟಿ ಊದಬಹುದೇ?
ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಯೋಚಿಸಿದರು.
"ಹಲ್ಲಲ್ಲಿ ಕಚ್ಚಬೇಡಿ. ತುಟಿಯಲ್ಲೇ ಹಿಡಿಯಿರಿ."

ವಾರವಿಡೀ ಅಭ್ಯಾಸ, ಹಿತ್ತಲ ಬಾವಿಕಟ್ಟೆಗೊರಗಿ.
ಮೊದಲೆರಡು ದಿನ ಬರೀ ಗಾಳಿ, ಎಂಜಲು.
ನಾದಿನಿ ಸುಗಂಧಾ ಏಡಿ ಸಾರು ಮಾಡಿ ಕರೆದಳು:
"ಇನ್ನು ಒಂದೂವರೆ ವರ್ಷ ಕೊಂಡಿ ಕಡಿಯೋ ಹಾಗಿಲ್ಲ, ಕೂತ್ಕೊ."
ಆರೂ ಕೊಂಡಿ ನನ್ನ ತಟ್ಟೆಗೇ.
ಕಟಕಟ ಕಡಿದೆ,
ಹೋಗಲಿರುವ ಆ ಎರಡು ಹಲ್ಲಿನಿಂದಲೇ.

ನಿನ್ನೆ ಸೇತುವೆ ಹತ್ತುವಾಗ ಡ್ರೈವರ್ ಗುನಗಿ ಮಾವ
ಕತ್ತು ತಿರುಗಿಸಿದ:
"ಎಂತಕ್ಕೆ ಸೀಟಿ ಮೆತ್ತಗಾಯ್ತು?"
ಹೇಳಬಹುದಿತ್ತು. ಚಿಲ್ಲರೆ ಎಣಿಸುತ್ತಿದ್ದೆ.
ಕೆಳಗೆ ನೀರು ಇಳಿಯುತ್ತಿತ್ತು;
ಮರಳಿನ ದಿಬ್ಬ
ಹೋದ ವರ್ಷ ಇದ್ದಲ್ಲಿ ಇರಲಿಲ್ಲ.