ಖಾಲಿ ತೂಕ

ಮಾನ್ವಿ ರಸ್ತೆಯ ವೇಬ್ರಿಡ್ಜಿನ ಕೋಣೆಯಲ್ಲಿ ಎರಡು ಕಂಪ್ಯೂಟರು.
ಒಂದು ತೂಗುವುದು. ಅದರೊಳಗೆ ಕೈ ಹಾಕುವ ಹಾಗಿಲ್ಲ.
ಇನ್ನೊಂದು ಮೂಲೆಯದು, ಪಕ್ಕದ ತಗಡು ಕಳಚಿದ್ದು,
ಅರಳೆಯ ಎಳೆ ಫ್ಯಾನಿಗೆ ಸುತ್ತಿಕೊಂಡದ್ದು.
"ಇದನ್ನ ಎಷ್ಟು ಬೇಕಾದಷ್ಟು ಕೆಡಿಸು, ಹುಸೇನಮ್ಮ" ಅಂದರು ಸಾಹುಕಾರರು,
ಗುಜರಿಯವನು ಬರೀ ಮುನ್ನೂರಕ್ಕೆ ಕೇಳಿದ ದಿನ.

ಕೆಡಿಸಲಿಕ್ಕೇ ಒಂದು ಯಂತ್ರ!
ಇಪ್ಪತ್ತಾರು ವರ್ಷದಲ್ಲಿ ಯಾರೂ
ಹಾಗೆ ಹೇಳಿ ನನ್ನ ಕೈಗೆ ಏನನ್ನೂ ಕೊಟ್ಟಿರಲಿಲ್ಲ.

ರಾತ್ರಿ ಹತ್ತಕ್ಕೆ ಗಂಜಿನ ಲಾರಿಗಳು ನಿಲ್ಲುತ್ತವೆ.
ಆಮೇಲೆ ಡಿಸ್ಕು ಮಾಡುತ್ತೇನೆ. ಕೊಳ್ಳುವುದಲ್ಲ, ಮಾಡುವುದು:
ನಾಕು ಫೈಲು, ಒಂದೊಂದಕ್ಕೂ ಎರಡು ಜಿಬಿ ಸೊನ್ನೆ ತುಂಬಿ
ಇವು ಡಿಸ್ಕು ಎಂದು ಯಂತ್ರಕ್ಕೆ ಸುಳ್ಳು ಹೇಳುವುದು.
ಸೊನ್ನೆ ತುಂಬಲೂ ಹೊತ್ತು ಹಿಡಿಯುತ್ತದೆ, ಗೊತ್ತೇ?
ಏನೂ ಇಲ್ಲದ್ದನ್ನೂ ಸಾಲಾಗಿ ಬರೆಯಬೇಕಲ್ಲ.
ನನಗಿದು ಹೊಸದಲ್ಲ. ದಿನವೂ
ಖಾಲಿ ಲಾರಿಯನ್ನು ಮೊದಲು ತೂಗುವವಳು ನಾನು;
ಖಾಲಿಯ ತೂಕ ತಪ್ಪಿದರೆ
ಭತ್ತದ ತೂಕವೂ ಸುಳ್ಳು.

ಮೊದಲು ಅದಕ್ಕೆ ಒಂದೂ ಕಾಣಲಿಲ್ಲ.
"ಡಿಸ್ಕು ಇಲ್ಲ" ಎಂದಿತು. ಇವೆಯಲ್ಲೋ, ಎಂದೆ.
ಎರಡು ರಾತ್ರಿ ಸೊಳ್ಳೆ ಹೊಡೆಯುತ್ತ ಕೂತ ಮೇಲೆ ತಿಳಿಯಿತು:
ಡಿಸ್ಕಿನ ಒಡೆಯ ಬೇರೆ, ಕೇಳುವವನು ಬೇರೆ.
ಬೀಗದಕೈ ಯಾರ ಸೊಂಟದಲ್ಲಿ, ಅಷ್ಟೇ.
ಒಡೆಯನ ಹೆಸರು ಬದಲಿಸಿದೆ, ಒಂದೇ ಸಾಲು.
ನಾಕೂ ಕಣ್ಣು ಬಿಟ್ಟವು.

ಗುಂಪಿಗೆ ಹೆಸರು ಕೇಳಿತು. ಪುಸ್ತಕದಲ್ಲಿ 'ಡೇಟಾ' ಎಂದಿತ್ತು.
ನಾನು 'ರಾಶಿ' ಎಂದೆ.
ಚೂರು ಚೂರಿಗೂ ಎರಡು ಪ್ರತಿ, ಎರಡೂ ಒಂದೇ ಡಿಸ್ಕಿನಲ್ಲಿ ಕೂಡಕೂಡದು.
ಮೂರರಲ್ಲಿ ಕಟ್ಟಿ, ನಾಕನೆಯದು ಸೇರಿಸಿದಾಗ
ಯಾರೂ ಕೂಗದೆ, ಯಾರ ಬೆವರೂ ಬೀಳದೆ
ಚೀಲಗಳು ತಾವೇ ಎದ್ದು ಹೋಗಿ ಸಮನಾಗಿ ಕೂತವು.
ಅಪ್ಪ ಮೂವತ್ತು ವರ್ಷ ಇದೇ ಕೆಲಸ ಮಾಡಿದ, ಬೆನ್ನಿನಿಂದ.
ಕರೆದು ತೋರಿಸಿದೆ. ಬೀಡಿ ಆರಿಸಿ ನೋಡಿದ:
"ನಡೂಕ ಗಾಳಿ ಆಡಾಕ ಜಾಗ ಬಿಟ್ಟೀಯೇನವಾ?
ಬಿಡಲಿಲ್ಲಂದ್ರ ನಿಟ್ಟು ಬಿಸಿಯಾಗ್ತದ."
ಬಿಟ್ಟಿರಲಿಲ್ಲ.

ಹೋದ ಸುಗ್ಗಿಯಲ್ಲಿ ತೂಗುವ ಯಂತ್ರದ ಡಿಸ್ಕು ಸತ್ತು
ಹನ್ನೊಂದು ದಿನದ ಚೀಟಿ ಹೋದವು.
ಮುದಗಲ್ಲಿನ ಡ್ರೈವರ್ ಆದೆಪ್ಪ ಕಿಟಕಿಗೆ ಮುಖವಿಟ್ಟು ಕೇಳಿದ್ದ:
"ನೀನ ತೂಗಿದ್ದಿ. ನಿನಗ ನೆನಪಿಲ್ಲೇನು?"
ನೆನಪಿತ್ತು.
ನೆನಪಿಗೆ ಮುದ್ರೆ ಇರಲಿಲ್ಲ.

ಈ ರಾತ್ರಿ ಹತ್ತು ಸಾವಿರ ಸುಳ್ಳು ಚೀಟಿ ತುಂಬಿ
ಒಂದು ಡಿಸ್ಕು ಕಿತ್ತೆ. ಎಣಿಸಿದೆ: ಹತ್ತು ಸಾವಿರ.
ಕೈ ನಿಲ್ಲಲಿಲ್ಲ. ಒಳಗಿನ ಸಾಗಾಟ ಮುಗಿಯುವ ಮೊದಲೇ
ಇನ್ನೊಂದನ್ನೂ ಕಿತ್ತೆ. ರಾಶಿ ಕುಸಿಯಿತು.
ಪರದೆ ತುಂಬ ತಪ್ಪಿನ ಸಾಲು, ಮೇಲಿಂದ ಕೆಳಗೆ.
ಯಾರೂ ಬೈಯಲಿಲ್ಲ. ಕಿಟಕಿಯಲ್ಲಿ ಯಾರ ಮುಖವೂ ಇಲ್ಲ.
ಚಹಾ ಆರಿತ್ತು, ಕುಡಿದೆ.
ನೋಟ್‌ಬುಕ್ಕಿನಲ್ಲಿ ಬರೆದೆ: ಒಂದು ಹೋದರೆ ತಡಿ, ಅವಸರ ಬೇಡ.
ಕೆಳಗೆ, ಗಾಳಿಗೆ ಜಾಗ. ಅಪ್ಪ ಹೇಳಿದ್ದು.

ಮತ್ತೆ ಸೊನ್ನೆ ತುಂಬಲು ಹಚ್ಚಿ ಕೂತೆ.
ಹೊರಗೆ ಹಾರ್ನು. ಇಷ್ಟು ಬೇಗ?
ಖಾಲಿಯೋ ತುಂಬಿದ್ದೋ,
ಎದುರು ದೀಪದಲ್ಲಿ ತಿಳಿಯುವುದಿಲ್ಲ.