ಕೋಷ್ಟಕ ೪.೩

ದುರ್ಗಿಗುಡಿಯ ಅಡ್ಡರಸ್ತೆ, ಮಹಡಿ ಮೇಲೆ,
ಜೆರಾಕ್ಸ್ ಯಂತ್ರದ ಬಿಸಿ ಬೆನ್ನಿಗೆ ತಾಗುವ ಹಾಗೆ
ನನ್ನ ಕುರ್ಚಿ. ಹದಿನೇಳು ವರ್ಷದಿಂದ
ಕಂಡವರ ಪ್ರಬಂಧಗಳಿಗೆ ಅಂಚು ಕಟ್ಟುತ್ತಿದ್ದೇನೆ:
ಕಪ್ಪೆಗಳ ಕೂಗು, ಭದ್ರಾವತಿಯ ಕಬ್ಬಿಣ, ಹಳಗನ್ನಡದ ಸಂಧಿ.
ಯಾವುದೇ ಇರಲಿ, ಎಡಕ್ಕೆ ಒಂದೂವರೆ ಅಂಗುಲ
ಬೈಂಡಿಂಗಿನವನ ಸೂಜಿಗೆ.

ಈ ಸಲ ಬಂದವರು ಕೆರಿಯಪ್ಪ ಮೇಷ್ಟ್ರು.
ನಿವೃತ್ತಿಗೆ ಎರಡು ವರ್ಷ ಇರುವಾಗ ಪಿಎಚ್‌ಡಿ.
ಶರಾವತಿ ಹಿನ್ನೀರು. ಮುಳುಗಿದ್ದರ ಲೆಕ್ಕ:
ಊರು, ಒಲೆ, ದನ, ಹೋದ ಜಾಗ.
ಕೊನೆಯ ಕಾಲಮ್ಮಿನಲ್ಲಿ ಅಲ್ಲಲ್ಲಿ ಬರೀ ಗೀಟು.
"ಅಳಿಸಬೇಡ ಜಬೀನಾ, ಅದೂ ಮಾಹಿತಿಯೇ."

ಹೇಳಿದ ಕಡೆ ನಿಲ್ಲುವುದಿಲ್ಲ ಕೋಷ್ಟಕ.
ನೂರಾ ಹನ್ನೆರಡರಲ್ಲಿ "ಕೆಳಗೆ ನೋಡಿ" ಅಂತಿದೆ,
ಕೆಳಗೆ ನೋಡಿದರೆ ಮಳೆ ಪ್ರಮಾಣದ ನಕ್ಷೆ.
ಇದು ನೂರಾ ಹದಿನಾರಕ್ಕೆ ಹೋಗಿ ಕೂತಿದೆ,
ಮದುವೆ ಮನೆಯಲ್ಲಿ ಎಲೆ ಸಿಗದವರು
ಮುಂದಿನ ಪಂಕ್ತಿಗೆ ಕಾದ ಹಾಗೆ.

ಈ ತಂತ್ರಾಂಶಕ್ಕೆ ತಿಳಿಯುವುದು ನಾಲ್ಕೇ ಮಾತು:
ಇಲ್ಲಿ. ಮೇಲೆ. ಕೆಳಗೆ. ಇಲ್ಲವೇ ನಿನಗೇ ಒಂದು ಪುಟ.
"ಇಲ್ಲಿ" ಅನ್ನುವುದು ಆಜ್ಞೆಯಲ್ಲ, ಅರ್ಜಿ.
ಜಾಗ ಇಲ್ಲ ಅಂದರೆ ಮುಂದಕ್ಕೆ ತಳ್ಳುತ್ತದೆ,
ಒಂದು ತಡೆದರೆ ಹಿಂದಿನವೂ ತಡೆದು
ಅಧ್ಯಾಯದ ಕೊನೆಯಲ್ಲಿ ಒಟ್ಟಿಗೆ ಸುರಿಯುತ್ತವೆ.
ನಮ್ಮ ಕಸುಬಿನಲ್ಲಿ ಇದಕ್ಕೆ ತೇಲುವುದು ಅಂತ ಹೆಸರು.

ಆ ಮಾತು ಬಾಯಿಂದ ಜಾರಿತು.
"ತೇಲಿದ್ದು ನಮ್ಮ ಬಾಗಿಲು," ಅಂದರು ಮೇಷ್ಟ್ರು.
"ಅಪ್ಪ ದೋಣಿಗೆ ಕಟ್ಟಿ ಎಳೆದು ತಂದ.
ಕುಂಸಿ ಕಡೆಯ ಹೊಸ ಮನೆಗೆ ಅರ್ಧ ಅಡಿ ದೊಡ್ಡದಾಯಿತು.
ಹಾಗೇ ಗೋಡೆಗೆ ಒರಗಿಸಿಟ್ಟಿದ್ದ,
ಸಾಯುವತನಕ."
ಕೊಯ್ಯಿಸಬಹುದಿತ್ತಲ್ಲ, ಸರ್?
"ಬಡಗಿಯೂ ಅದನ್ನೇ ಕೇಳಿದ."

ನನ್ನ ಹತ್ತಿರವೂ ಗರಗಸ ಇದೆ.
ಅಕ್ಷರ ಕುಗ್ಗಿಸಬಹುದು: ಹನ್ನೆರಡು, ಹತ್ತು, ಎಂಟು.
ಎಂಟರಲ್ಲಿ ಒತ್ತಕ್ಷರ ಕಾಲು ಮುರಿದ ಇರುವೆ.
ಅಡ್ಡ ಮಲಗಿಸಬಹುದು, ಓದುವವರು ಕತ್ತು ತಿರುಗಿಸಲಿ.
ಸೀಳಿ, "ಮುಂದುವರಿದಿದೆ" ಅನ್ನಬಹುದು.
ಅನುಬಂಧಕ್ಕೆ ಕಳಿಸಬಹುದು; ಅತ್ತ ಯಾರೂ ಹಾಯುವುದಿಲ್ಲ.

ಕೆಳಗೆ ಮಂಡಕ್ಕಿ ಗಾಡಿಯವನು ಈರುಳ್ಳಿ ಕೊಚ್ಚುತ್ತಿದ್ದ.
ಮೇಷ್ಟ್ರು ಪರದೆಯನ್ನೇ ನೋಡುತ್ತಿದ್ದರು.
"ಹೇಳಿದಲ್ಲೇ ಇರಲಿ."

ಇಟ್ಟೆ.
"ನೋಡಿ" ಅಂದ ಮೇಲೆ ಅರ್ಧ ಪುಟ ಬಿಳಿ,
ತಿರುವಿದರೆ ಕೋಷ್ಟಕ, ಗೀಟು ಸಮೇತ, ಪೂರ್ತಿ.
ಆಮೇಲಿನ ಪುಟಗಳೆಲ್ಲ ಒಂದೊಂದು ಸ್ಥಾನ
ಸರಿದು ಕೂತವು.

ವಾರದ ಮೇಲೆ ಪ್ರತಿ ವಾಪಸ್ ಬಂತು.
ಬಿಳಿಯ ನಡುವೆ ಮಾರ್ಗದರ್ಶಕರ ಕೆಂಪು ಶಾಯಿ:
ಇಷ್ಟು ಜಾಗ ಯಾಕೆ ದಂಡ?
ಅದರಡಿ ಪೆನ್ಸಿಲಿನಲ್ಲಿ, ಸಣ್ಣದಾಗಿ, ಮೇಷ್ಟ್ರ ಕೈಬರಹ:
ಅಳತೆ ಸರಿಯಿದೆ. ಕೊಯ್ಯಬೇಡ.